ಬ್ಯಾಟರಿ ಬೇಡ ಅನ್ನಬೇಡಿ, ಯಾರ ಲೈನಿಗೆ ಅಂತ ಕೇಳಿ

ಈ ಸಲ ಬೆಳೆ ವಿಷಯ ಇಲ್ಲ, ಕರೆಂಟಿನ ವಿಷಯ. ಸ್ವಲ್ಪ ಉದ್ದ ಆಗುತ್ತೆ, ಸಂಜೆ ಹಾಲು ಕರೆದ ಮೇಲೆ ಕೂತ್ಕೊಂಡು ಓದಿ.

ನಮ್ಮ ಕನಕಪುರ ರಸ್ತೆ ಕಡೆ ಒಂದು ಹೊಸ ಮಾತು ಓಡಾಡ್ತಾ ಇದೆ. ಸ್ಟೇಷನ್ ಹತ್ತಿರ ಯಾರದಾದರೂ ಜಮೀನು ಇದೆಯಾ, ಬ್ಯಾಟರಿ ಪ್ಲಾಂಟಿಗೆ ಬೇಕಂತೆ, ಒಳ್ಳೆ ರೇಟು ಅಂತೆ. ನನ್ನ ಹತ್ತಿರಾನೂ ಒಬ್ಬ ಬ್ರೋಕರ್ ಹುಡುಗ ಬಂದಿದ್ದ. "ಯಜಮಾನ್ರೆ, ರಾಗಿ ಬೆಳೆದು ಏನ್ ಸಿಗುತ್ತೆ, ಕೊಟ್ಬಿಡಿ" ಅಂದ. "ಯಾವ ಕಂಪನಿ, ಎಷ್ಟು ಮೆಗಾವ್ಯಾಟು, ಯಾವ ಫೀಡರಿಗೆ ಜೋಡಿಸ್ತಾರಪ್ಪಾ" ಅಂತ ಕೇಳಿದೆ. ಮೂರರಲ್ಲಿ ಒಂದಕ್ಕೂ ಅವನ ಹತ್ತಿರ ಉತ್ತರ ಇರಲಿಲ್ಲ. ಕಾಫಿ ಕುಡಿಸಿ ಕಳಿಸಿದೆ.

ಇದರ ಮೇಲೆ ನಮ್ಮಲ್ಲಿ ಎರಡು ಗುಂಪು ಆಗಿದೆ. ಒಂದು ಗುಂಪು ಅದು ಬಾಂಬು, ಊರು ಸುಟ್ಟುಹೋಗುತ್ತೆ, ಕಾಲಿಡೋಕೆ ಬಿಡಬಾರದು ಅಂತ ದಿನಾ ವಾಟ್ಸಾಪಲ್ಲಿ ಬೆಂಕಿ ಹತ್ತಿದ ವಿಡಿಯೋ ಹಾಕ್ತಾರೆ. ಇನ್ನೊಂದು ಗುಂಪು ಲಾಟರಿ ಹೊಡೀತು ಅಂತ ಪಾಣಿ ಜೆರಾಕ್ಸ್ ಹಿಡ್ಕೊಂಡು ಓಡಾಡ್ತಾ ಇದೆ. ಎರಡು ಗುಂಪಿನ ಜೊತೆಗೂ ನನ್ನ ಜಗಳ ಇದೆ, ಅದಕ್ಕೇ ಬರೀತಿದ್ದೀನಿ.

ಮೊದಲು ಅದು ಏನು ಅಂತ ತಿಳ್ಕೊಳ್ಳಿ. ಟ್ರ್ಯಾಕ್ಟರ್ ಬ್ಯಾಟರಿ ತರಹ ಆಸಿಡ್ ತುಂಬಿದ್ದಲ್ಲ. ಮೊಬೈಲು, ಕರೆಂಟ್ ಸ್ಕೂಟರಲ್ಲಿ ಇರೋ ಲಿಥಿಯಂ ಜಾತಿಯದು. ಲಾರಿ ಮೇಲೆ ಹೋಗೋ ಕಂಟೈನರ್ ಇರುತ್ತಲ್ಲ, ಇಪ್ಪತ್ತಡಿದು, ಅಂಥದ್ದರೊಳಗೆ ಬೀರು ಜೋಡಿಸಿದ ಹಾಗೆ ಜೋಡಿಸಿರ್ತಾರೆ. ತಣ್ಣಗಿಡೋಕೆ ಮಿಷನ್ನು, ಪಕ್ಕದಲ್ಲಿ ಇನ್ವರ್ಟರ್, ಒಂದು ಟಿ.ಸಿ., ಅಲ್ಲಿಂದ 11 ಕೆ.ವಿ. ಅಥವಾ 66 ಕೆ.ವಿ. ಲೈನಿಗೆ ಜೋಡಣೆ. ಅಷ್ಟೇ. ಮಧ್ಯಾಹ್ನ ಸೋಲಾರ್ ಕರೆಂಟು ಬೇಕಾದಷ್ಟು ಇರುವಾಗ ತುಂಬ್ಕೊಳ್ಳುತ್ತೆ, ಸಂಜೆ ಆರರಿಂದ ಹತ್ತರೊಳಗೆ ಸಿಟಿಯಲ್ಲಿ ಎಳೆತ ಜಾಸ್ತಿ ಆದಾಗ ಬಿಡುತ್ತೆ.

ಮೆಗಾವ್ಯಾಟು, ಮೆಗಾವ್ಯಾಟ್ ಅವರ್ ಅಂತ ಎರಡು ಲೆಕ್ಕ ಹೇಳ್ತಾರೆ, ಗಾಬರಿ ಬೇಡ. ಮೆಗಾವ್ಯಾಟ್ ಅಂದ್ರೆ ಪೈಪಿನ ದಪ್ಪ. ಮೆಗಾವ್ಯಾಟ್ ಅವರ್ ಅಂದ್ರೆ ತೊಟ್ಟಿಯಲ್ಲಿ ಎಷ್ಟು ಹಿಡಿಯುತ್ತೆ ಅನ್ನೋದು. ಒಂದು ಮೆಗಾವ್ಯಾಟ್ ಅವರ್ ಅಂದ್ರೆ ಸಾವಿರ ಯೂನಿಟ್. ಈಗ ಬರ್ತಿರೋ ಹೊಸ ಕಂಟೈನರು ಒಂದೊಂದು ಸುಮಾರು 5 ಮೆಗಾವ್ಯಾಟ್ ಅವರ್, ಅಂದ್ರೆ ಐದು ಸಾವಿರ ಯೂನಿಟ್ ಹಿಡಿಯುತ್ತೆ. ನಮ್ಮ ಕಡೆಯ ಆಳದ ಬೋರಿಗೆ ಬಿಟ್ಟಿರೋ ಏಳೂವರೆ ಎಚ್.ಪಿ. ಮೋಟರು ಗಂಟೆಗೆ ಸುಮಾರು ಆರೂವರೆ ಯೂನಿಟ್ ತಿನ್ನುತ್ತೆ, ಏಳು ಗಂಟೆ ಓಡಿದ್ರೆ ನಲವತ್ತೈದು. ಒಂದು ಕಂಟೈನರಲ್ಲಿ ನೂರಹತ್ತು ಪಂಪ್‌ಸೆಟ್ಟಿನ ಒಂದು ದಿನದ ಊಟ ಇರುತ್ತೆ. ತುಂಬಿದ್ದೆಲ್ಲಾ ವಾಪಸ್ ಬರಲ್ಲ, ನೂರು ಹಾಕಿದ್ರೆ ಎಂಬತ್ತೈದೋ ಚೂರು ಹೆಚ್ಚೋ ಸಿಗುತ್ತೆ.

ಇಲ್ಲೇ ಬ್ರೋಕರ್ ಮಾತಿನ ಬಣ್ಣ ಗೊತ್ತಾಗುತ್ತೆ. ಇಂಥ ಸಣ್ಣ ಘಟಕಕ್ಕೆ, ಸುತ್ತ ಜಾಗ ಬಿಟ್ಟು ಕಾಂಪೌಂಡ್ ಹಾಕಿದ್ರೂ, ಎಕರೆ ಎರಡೆಕರೆ ಸಾಕು. ಯಾರಾದರೂ ಬ್ಯಾಟರಿಗೆ ಅಂತ ಇಪ್ಪತ್ತು ಎಕರೆ ಕೇಳಿದ್ರೆ ಉಳಿದ ಹದಿನೆಂಟು ಎಕರೆಯಲ್ಲಿ ಏನ್ ಕಟ್ತೀಯಪ್ಪಾ ಅಂತ ಕೇಳಿ. 2021ರಲ್ಲಿ ಮೆಟ್ರೋ ರೇಷ್ಮೆ ಸಂಸ್ಥೆವರೆಗೆ ಬಂದಾಗಿನಿಂದ ನಮ್ಮ ಕಡೆ ಯಾವ ಹೆಸರಲ್ಲಿ ಜಮೀನು ಕೇಳಿದ್ರೂ ಕೊನೆಗೆ ಸೈಟೇ ಆಗೋದು.

ಈಗ ಬಾಂಬ್ ಗುಂಪಿಗೆ ಬರ್ತೀನಿ. ಬೆಂಕಿ ಸುಳ್ಳಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಮಾಸ್ ಲ್ಯಾಂಡಿಂಗ್ ಅನ್ನೋ ಊರಲ್ಲಿ 2025ರ ಜನವರಿ 16ಕ್ಕೆ 300 ಮೆಗಾವ್ಯಾಟಿನ ಘಟಕ ಹತ್ತಿಕೊಂಡು ಸಾವಿರಕ್ಕೂ ಮೇಲ್ಪಟ್ಟು ಜನರನ್ನ ಮನೆಯಿಂದ ಎಬ್ಬಿಸಿ ಕಳಿಸಬೇಕಾಯ್ತು. ಅದು ಸುತ್ತಲೂ ತರಕಾರಿ, ಸ್ಟ್ರಾಬೆರಿ ಬೆಳೆಯೋ ಜಾಗ, ನಮ್ಮಂಥೋರ ಜಾಗ. ಆಮೇಲೆ ಅಲ್ಲಿನ ವಿಶ್ವವಿದ್ಯಾಲಯದವರು ಹತ್ತಿರದ ಜೌಗು ನೆಲದ ಮಣ್ಣು ಪರೀಕ್ಷೆ ಮಾಡಿದಾಗ ನಿಕಲ್, ಕೋಬಾಲ್ಟ್, ಮ್ಯಾಂಗನೀಸ್ ಜಾಸ್ತಿ ಸಿಕ್ಕಿತು. ಅದಕ್ಕೂ ಮುಂಚೆ 2019ರ ಏಪ್ರಿಲಲ್ಲಿ ಅರಿಜೋನಾ ರಾಜ್ಯದಲ್ಲಿ ಬರೀ 2 ಮೆಗಾವ್ಯಾಟಿನ ಸಣ್ಣ ಘಟಕದಲ್ಲಿ ಹೊಗೆ ಬಂತು. ಕೆಲವು ಗಂಟೆ ಬಿಟ್ಟು ಅಗ್ನಿಶಾಮಕದವರು ಬಾಗಿಲು ತೆಗೆದರು, ಒಳಗೆ ತುಂಬಿದ್ದ ಗ್ಯಾಸು ಸಿಡಿದು ಅವರೇ ಗಾಯ ಆದರು. ಸಣ್ಣದು ಅಂದ ಮಾತ್ರಕ್ಕೆ ಸಾಧು ಅಲ್ಲ.

ಆದರೆ ವಿಡಿಯೋ ಹಾಕೋ ನಮ್ಮವರು ಅರ್ಧ ಮಾತ್ರ ಹೇಳ್ತಾರೆ. ಮಾಸ್ ಲ್ಯಾಂಡಿಂಗಲ್ಲಿ ಸುಟ್ಟಿದ್ದು ನಿಕಲ್, ಕೋಬಾಲ್ಟ್ ಇರೋ ಜಾತಿ, ಅದೂ ಹಳೇ ವಿದ್ಯುತ್ ಸ್ಥಾವರದ ಒಂದೇ ದೊಡ್ಡ ಕಟ್ಟಡದೊಳಗೆ ಒತ್ತೊತ್ತಾಗಿ ತುಂಬಿದ್ದು. ಈಗ ಹೆಚ್ಚಾಗಿ ಬರ್ತಿರೋದು ಕಬ್ಬಿಣ, ಫಾಸ್ಫೇಟ್ ಇರೋ ಜಾತಿ, ಎಲ್‌ಎಫ್‌ಪಿ ಅಂತಾರೆ. ಅದಕ್ಕೆ ಬೆಂಕಿ ಹತ್ತೋದು ಕಮ್ಮಿ, ಹತ್ತಲ್ಲ ಅಂತ ಅಲ್ಲ. ಹತ್ತಿದ್ರೆ ಅದರ ಹೊಗೆಯೂ ವಿಷವೇ. ಕಂಟೈನರನ್ನ ಬಯಲಲ್ಲಿ ಬೇರೆ ಬೇರೆ ಇಟ್ಟು ಮಧ್ಯ ಜಾಗ ಬಿಟ್ಟಿದ್ರೆ ಒಂದು ಸುಟ್ರೂ ಪಕ್ಕದ್ದಕ್ಕೆ ದಾಟೋ ಅಪಾಯ ಬಹಳ ಕಮ್ಮಿ ಆಗುತ್ತೆ. ಹುಲ್ಲಿನ ಮೆದೆಗಳನ್ನ ನಾವೇ ಒಂದಕ್ಕೊಂದು ಅಂಟಿಸಿ ಒಟ್ಟಲ್ವಲ್ಲ, ಅದೇ ಬುದ್ಧಿ. ಹಾಗಾಗಿ ಎಲ್‌ಎಫ್‌ಪಿನೋ ಅಲ್ವೋ, ಮಧ್ಯ ಎಷ್ಟಡಿ ಬಿಡ್ತೀರಾ, ತಣಿಸೋಕೆ ನೀರಿನ ತೊಟ್ಟಿ ಎಲ್ಲಿ, ಫೈರ್ ಎಂಜಿನ್ ಬರೋ ರಸ್ತೆ ಎಷ್ಟಗಲ, ಆ ನೀರು ಹರಿದು ನಮ್ಮ ಕೆರೆಗೆ ಇಳಿಯುತ್ತಾ ಅಂತ ಕೇಳಬೇಕು. "ಬಾಂಬು ಬಾಂಬು" ಅಂತ ಕೂಗಿದ್ರೆ ಅಧಿಕಾರಿಗಳು "ಈ ಹಳ್ಳಿಯೋರಿಗೆ ಏನೂ ಗೊತ್ತಿಲ್ಲ" ಅಂತ ಬರ್ಕೊಂಡು ಹೋಗ್ತಾರೆ. ಕೇಳಬೇಕಾದ್ದು ಕೇಳಿದ್ರೆ ಉತ್ತರ ಕೊಡಲೇಬೇಕಾಗುತ್ತೆ.

ಬೆಂಕಿಗಿಂತ ನನಗೆ ದೊಡ್ಡ ತಕರಾರು ಬೇರೆ ಇದೆ. ಈ ಬ್ಯಾಟರಿ ಇರೋದು ಯಾರಿಗೆ?

ಸಂಜೆ ಎಳೆತ ಜಾಸ್ತಿ ಆಗೋದು ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿ.ಟಿ.ಎಂ. ಲೇಔಟಲ್ಲಿ. ಎ.ಸಿ., ಇಂಡಕ್ಷನ್ ಒಲೆ, ಲಿಫ್ಟು, ರಾತ್ರಿ ಚಾರ್ಜಿಗೆ ಹಾಕೋ ಕಾರು. ನಾನು ವಾರಕ್ಕೆ ಮೂರು ದಿನ ಬನಶಂಕರಿಗೆ ಸೊಪ್ಪು ಹಾಕೋಕೆ ಹೋಗೋನು, ಅವರ ಮೇಲೆ ನನಗೇನು ದ್ವೇಷ ಇಲ್ಲ, ಅವರು ತಿಂದ್ರೆ ನಾನು ಉಣ್ಣೋದು. ಆದರೆ ಸಂಜೆ ಅವರು ಉರಿಸೋ ಕರೆಂಟಿನ ತೊಟ್ಟಿ ನಮ್ಮ ಹೊಲದಲ್ಲಿ ಯಾಕಿರಬೇಕು?

ನೀರಿನ ಲೆಕ್ಕ ನೋಡಿ. ಕಾವೇರಿ ನೀರು ತೊರೆಕಾಡನಹಳ್ಳಿಯಿಂದ ಹಾರೋಹಳ್ಳಿ, ತಾತಗುಣಿ ಪಂಪ್‌ಹೌಸ್ ಹತ್ತಿ ನಮ್ಮ ಊರುಗಳ ಪಕ್ಕದಲ್ಲೇ ಬೆಂಗಳೂರಿಗೆ ಹೋಗುತ್ತೆ. 1974ರಿಂದ ಹೋಗ್ತಾ ಇದೆ, 2024ರ ಅಕ್ಟೋಬರಲ್ಲಿ ಐದನೇ ಹಂತ ಅಂತ ದಿನಕ್ಕೆ ಇನ್ನೂ 775 ದಶಲಕ್ಷ ಲೀಟರ್ ಸೇರಿಸಿದರು. ಪೈಪಿನ ಪಕ್ಕದ ಹಳ್ಳಿಯವರು ಟ್ಯಾಂಕರಿಗೆ ಕಾಯ್ತಾರೆ, ಅದು ಬೇರೆ ಕಥೆ. ಆದರೆ ಆ ನೀರನ್ನ ತುಂಬಿಡೋ ಸಂಪು ಎಲ್ಲಿದೆ? ಜಯನಗರದ ಮನೆ ಗೇಟಿನೊಳಗೆ, ಕಾರು ನಿಲ್ಲಿಸೋ ಜಾಗದ ಕೆಳಗೆ. ಮೇಲೆ ಓವರ್‌ಹೆಡ್ ಟ್ಯಾಂಕು. ಬಳಸೋನ ಮನೆಯಲ್ಲೇ ಸಂಪು. ಅದೇ ಸರಿಯಾದ ಜಾಗ, ಯಾಕಂದ್ರೆ ಪೈಪಲ್ಲಿ ನೀರು ಬಂದಾಗ ನಿಧಾನಕ್ಕೆ ತುಂಬ್ಕೊಂಡು, ಬೇಕಾದಾಗ ಜೋರಾಗಿ ಬಿಡಬಹುದು.

ಕರೆಂಟೂ ಹಾಗೇ. ಬ್ಯಾಟರಿಯನ್ನ ಸಿಟಿ ಸ್ಟೇಷನ್ನಿನ ಕಾಂಪೌಂಡಲ್ಲೇ ಇಟ್ಟರೆ ಮಧ್ಯಾಹ್ನ ಲೈನು ಖಾಲಿ ಇರುವಾಗ ತುಂಬ್ಕೊಳ್ಳುತ್ತೆ, ಸಂಜೆ ಅಲ್ಲೇ ಬಿಡುತ್ತೆ, ದೊಡ್ಡ ಲೈನಿಗೆ ಭಾರ ಇಳಿಯುತ್ತೆ. ಹಳ್ಳಿಯಲ್ಲಿಟ್ಟರೆ ಸಂಜೆ ಬಿಡೋ ಕರೆಂಟು ಅದೇ ತುಂಬಿದ ಲೈನಲ್ಲೇ ಸಿಟಿಗೆ ಓಡಬೇಕು. ಇದನ್ನ ತಿಳ್ಕೊಳ್ಳೋಕೆ ಎಂಜಿನಿಯರ್ ಆಗಬೇಕಿಲ್ಲ, ಎಸ್ಸೆಸ್ಸೆಲ್ಸಿ ಸಾಕು.

ಊರೊಳಗೆ ಇಡೋಕಾಗಲ್ಲ, ಜನ ಜಾಸ್ತಿ ಅಂತ ಹೇಳ್ತಾರೆ. ದೆಹಲಿಯಲ್ಲಿ ಇಟ್ಟಿದ್ದಾರಲ್ಲ! ರೋಹಿಣಿ ಅನ್ನೋ ಬಡಾವಣೆಯ ಸಬ್‌ಸ್ಟೇಷನಲ್ಲಿ 2019ರ ಫೆಬ್ರವರಿಯಲ್ಲೇ 10 ಮೆಗಾವ್ಯಾಟಿನ ಘಟಕ ಶುರುವಾಯ್ತು. ಟಾಟಾ ಪವರ್ ಡಿಡಿಎಲ್, ಎಇಎಸ್, ಮಿತ್ಸುಬಿಷಿ ಸೇರಿ ಮಾಡಿದ್ದು, ದೇಶದಲ್ಲಿ ಗ್ರಿಡ್ಡಿಗೆ ಜೋಡಿಸಿದ ಆ ಮಟ್ಟದ ಮೊದಲನೇದು. 2025ರಲ್ಲಿ ಕಿಲೋಕರಿಯಲ್ಲಿ 33/11 ಕೆ.ವಿ. ಸ್ಟೇಷನ್ ಜಾಗದಲ್ಲೇ 20 ಮೆಗಾವ್ಯಾಟ್, 40 ಮೆಗಾವ್ಯಾಟ್ ಅವರ್ ಘಟಕ ಬಂತು. ಅಂದ್ರೆ ನಲವತ್ತು ಸಾವಿರ ಯೂನಿಟ್, ಜನ ಗಿಜಿಗುಟ್ಟೋ ದೆಹಲಿಯೊಳಗೆ. ಯಾವ ರೈತನ ಹೊಲಾನೂ ಕೇಳಲಿಲ್ಲ. ದೆಹಲಿಯ ಬಡಾವಣೆಗೆ ಸುರಕ್ಷಿತ ಆದದ್ದು ಜೆ.ಪಿ. ನಗರಕ್ಕೆ ಅಪಾಯ, ಆಮೇಲೆ ಮತ್ತೆ ಸೋಮನಹಳ್ಳಿಗೆ ಸುರಕ್ಷಿತ ಆಗೋದು ಹೇಗೆ? ಹಾಗೆ ನೋಡಿದ್ರೆ ಜಯನಗರದಲ್ಲಿ ಯುಪಿಎಸ್ ಇಲ್ಲದ ಮನೆ ಹುಡುಕಬೇಕು, ಮೆಟ್ಟಿಲ ಕೆಳಗೆ ಆಸಿಡ್ ಬ್ಯಾಟರಿ ಇಟ್ಕೊಂಡು ಮಲಗ್ತಾರೆ. ಅಪಾರ್ಟ್‌ಮೆಂಟ್ ಕೆಳಗೆ ಬ್ಯಾರಲ್ಲುಗಟ್ಟಲೆ ಡೀಸೆಲ್ ಇಟ್ಕೊಂಡು ಜನರೇಟರ್ ಓಡಿಸ್ತಾರೆ. ಅದಕ್ಕೆ ಭಯ ಇಲ್ಲ.

ಕರೆಂಟಿನ ವಿಷಯದಲ್ಲಿ ನಮ್ಮ ಸೀಮೆಗೆ ಇದು ಹೊಸದಲ್ಲ. ಕಾವೇರಿ ಶಿವನಸಮುದ್ರದಲ್ಲಿ ಬಿದ್ದು ಕರೆಂಟ್ ಹುಟ್ಟಿದ್ದು 1902ರಲ್ಲಿ, ಹೋಗಿದ್ದು ಕೋಲಾರದ ಚಿನ್ನದ ಗಣಿಗೆ. 1905ರಲ್ಲಿ ಬೆಂಗಳೂರಿನ ಬೀದಿಗೆ ದೀಪ ಬಂತು. ನದಿ ಪಕ್ಕದ ಹಳ್ಳಿಗಳಿಗೆ ಬರೋಕೆ ಎಷ್ಟೋ ದಶಕ ಬೇಕಾಯ್ತು, ನಮ್ಮ ಅಜ್ಜಿ ಸೀಮೆಎಣ್ಣೆ ಬುಡ್ಡಿ ಹಚ್ಚಿಕೊಂಡೇ ಹೋದಳು.

ಈಗ ಮುಖ್ಯ ವಿಷಯ. ಇದನ್ನ ಎರಡು ಗುಂಪೂ ಮಾತಾಡ್ತಿಲ್ಲ. ಬ್ಯಾಟರಿ ಕರೆಂಟು ಕೊಡುತ್ತೆ ಅಂತ ಎಲ್ಲರೂ ಹೇಳ್ತಾರೆ, ಅದು ಕರೆಂಟು ಕುಡಿಯುತ್ತೆ ಅಂತ ಯಾರೂ ಹೇಳಲ್ಲ. ಯಾವಾಗ ಕುಡಿಯುತ್ತೆ? ಬೆಳಗ್ಗೆ ಹತ್ತರಿಂದ ಮಧ್ಯಾಹ್ನ ಮೂರು ನಾಲ್ಕರವರೆಗೆ, ಬಿಸಿಲಿರುವಾಗ. ನಮಗೆ ಹಗಲು ತ್ರೀ ಫೇಸ್ ಯಾವಾಗ ಬೇಕು? ಅದೇ ಹೊತ್ತಿಗೆ. 5 ಮೆಗಾವ್ಯಾಟಿನ ಒಂದು ಬ್ಯಾಟರಿ ಪೂರ್ತಿ ಜೋರಲ್ಲಿ ತುಂಬ್ಕೋತಾ ಇದೆ ಅಂದ್ರೆ ಏಳುನೂರ ಎಪ್ಪತ್ತು ಏಳೂವರೆ ಎಚ್.ಪಿ. ಮೋಟರು ಒಂದೇ ಸಲ ಸ್ಟಾರ್ಟ್ ಮಾಡಿ ಓಡಿಸಿದಷ್ಟು. ಹಳ್ಳಿ ಕಡೆಯ 66/11 ಸ್ಟೇಷನಲ್ಲಿ 8 ಎಂ.ವಿ.ಎ., 12.5 ಎಂ.ವಿ.ಎ. ಟ್ರಾನ್ಸ್‌ಫಾರ್ಮರು ಇರೋದು ಸಾಮಾನ್ಯ. ಅದರಲ್ಲಿ 5 ಇದೇ ಕುಡಿದ್ರೆ ನಮಗೆ ಉಳಿಯೋದೆಷ್ಟು? ವೋಲ್ಟೇಜ್ ಬೀಳುತ್ತೆ, ಮೋಟರ್ ಕಾಯಿಲ್ ಸುಡುತ್ತೆ. ವೈಂಡಿಂಗ್ ಖರ್ಚು, ಬೋರಿಂದ ಪೈಪ್ ಎತ್ತಿಸೋ ಖರ್ಚು ಯಾರದು ಅಂತ ನಿಮಗೇ ಗೊತ್ತು.

2023ರ ಅಕ್ಟೋಬರ್ ನೆನಪಿಸ್ಕೊಳ್ಳಿ. ಮಳೆ ಇಲ್ಲ, ಡ್ಯಾಮಲ್ಲಿ ನೀರಿಲ್ಲ, ರಾಜ್ಯದಲ್ಲಿ ಪಂಪ್‌ಸೆಟ್ಟಿನ ಏಳು ಗಂಟೆಯನ್ನ ಐದು ಗಂಟೆಗೆ ಇಳಿಸಿದರು. ರೈತರು ಬೀದಿಗಿಳಿದ ಮೇಲೆ ಮತ್ತೆ ಏಳು ಅಂದರು. ಅಂಥ ವರ್ಷ ಮತ್ತೆ ಬಂದೇ ಬರುತ್ತೆ. ಆಗ ಸ್ಟೇಷನಲ್ಲಿ ಕೂತೋನು ಮೊದಲು ಯಾರನ್ನ ಕಟ್ ಮಾಡ್ತಾನೆ? ಬ್ಯಾಟರಿ ಕಂಪನಿಗೆ ಮೆಗಾವ್ಯಾಟಿಗೆ ತಿಂಗಳಿಗೆ ಇಷ್ಟು ಅಂತ ಬಾಡಿಗೆ ಒಪ್ಪಂದ ಇರುತ್ತೆ. 2022ರಲ್ಲಿ ಸೆಕಿಯವರ ದೊಡ್ಡ ಟೆಂಡರಲ್ಲಿ ಆ ಬಾಡಿಗೆ 10.83 ಲಕ್ಷ ಇತ್ತು, ಆಮೇಲೆ ಬಹಳ ಇಳಿದಿದೆ. ಇಳಿದರೂ ಒಪ್ಪಂದ ಒಪ್ಪಂದವೇ, ಸಹಿ ಇದೆ, ಕಾಗದ ಇದೆ. ನಮ್ಮ ಏಳು ಗಂಟೆಗೆ ಯಾವ ಕಾಗದ ಇದೆ? 10 ಎಚ್.ಪಿ.ವರೆಗೆ ಉಚಿತ ಅನ್ನೋದು ಇದೆ, ಉಚಿತ ಅಂದ ತಕ್ಷಣ ಕೇಳೋ ಬಾಯಿ ಮುಚ್ಚಿಸ್ತಾರೆ. ಬನ್ನೇರುಘಟ್ಟ ಕಾಡಿನ ಅಂಚಿನವರಿಗೆ ಇದು ಇನ್ನೂ ಕಷ್ಟ. ಹಗಲು ಕರೆಂಟು ತಪ್ಪಿ ರಾತ್ರಿಗೆ ಹೋದ್ರೆ ಆನೆ ಓಡಾಡೋ ಹೊತ್ತಲ್ಲಿ ಟಾರ್ಚ್ ಹಿಡ್ಕೊಂಡು ನೀರು ಕಟ್ಟಬೇಕು.

ಅದಕ್ಕೇ ನನ್ನ ಮೊದಲ ಷರತ್ತು ಇದು. ನಮ್ಮ ಸ್ಟೇಷನಿಗೆ ಬ್ಯಾಟರಿ ತಂದು ಕಟ್ಟೋದಾದ್ರೆ, ಪಂಪ್‌ಸೆಟ್ ಫೀಡರಿಗೆ ಹಗಲು ಏಳು ಗಂಟೆ ತ್ರೀ ಫೇಸ್ ಮೊದಲು, ಬ್ಯಾಟರಿ ತುಂಬೋದು ಆಮೇಲೆ. ಕರೆಂಟ್ ಕಮ್ಮಿ ಬಿದ್ದ ದಿನ ಮೊದಲು ನಿಲ್ಲಬೇಕಾದ್ದು ಅದು. ಬಾಯಿಮಾತಲ್ಲ, ಒಪ್ಪಂದದಲ್ಲಿ ಬರೀಬೇಕು. ಟ್ರಾನ್ಸ್‌ಫಾರ್ಮರ್ ಸಾಲದಿದ್ರೆ ಹೊಸದು ಕೂರಿಸೋ ಖರ್ಚು ತರೋನದು.

ಹಾಗಾದ್ರೆ ನಮಗೆ ಬ್ಯಾಟರಿ ಬೇಡವೇ ಬೇಡವಾ? ಬೇಕು ಸ್ವಾಮಿ, ನಮ್ಮದಾದರೆ ಬೇಕು. ಗೌರಿಬಿದನೂರು ತಾಲ್ಲೂಕಿನ ತೊಂಡೇಬಾವಿ ಕಡೆ 2025ರ ಜೂನಲ್ಲಿ ಕುಸುಮ್-ಸಿ ಅಂತ ಶುರು ಮಾಡಿದ್ರಲ್ಲ, ಪಂಪ್‌ಸೆಟ್ ಫೀಡರಿಗೇ ಸೋಲಾರ್. ಆ ಯೋಜನೆಯಲ್ಲಿ ಖಾಸಗಿ ಜಮೀನಿಗೆ ಎಕರೆಗೆ ವರ್ಷಕ್ಕೆ 25,000 ಗುತ್ತಿಗೆ ಅಂತಾರೆ. ಅಂಥ ಸೋಲಾರ್ ಜೊತೆ ಒಂದು ಸಣ್ಣ ಬ್ಯಾಟರಿ, ಎರಡು ಮೆಗಾವ್ಯಾಟ್ ಅವರಿನದು, ಇಟ್ಟರೆ ಮೋಡ ಅಡ್ಡ ಬಂದಾಗ ವೋಲ್ಟೇಜ್ ಕುಣಿಯಲ್ಲ, ಸಂಜೆ ಊರಿನ ದೀಪ, ಹಿಟ್ಟಿನ ಗಿರಣಿ, ಡೈರಿಯ ಹಾಲು ತಣ್ಣಗಿಡೋ ಮಿಷನ್ನಿಗೆ ಆಗುತ್ತೆ. ಅದರಲ್ಲಿ ಇರೋದು ಎರಡು ಸಾವಿರ ಯೂನಿಟ್, ನಲವತ್ತನಾಲ್ಕು ಮೋಟರಿನ ಒಂದು ದಿನದ್ದು. ಇಡೀ ಫೀಡರ್ ಅದರಲ್ಲೇ ಓಡುತ್ತೆ ಅಂತ ಯಾರಾದರೂ ಭಾಷಣ ಮಾಡಿದ್ರೆ ನಂಬಬೇಡಿ. ಆದರೂ ರೇಷ್ಮೆ ಹುಳ ಸಾಕೋರನ್ನ ಕೇಳಿ, ನಾಲ್ಕನೇ ಜ್ವರ ಎದ್ದ ಹುಳಕ್ಕೆ ಸಂಜೆ ಎರಡು ಗಂಟೆ ಫ್ಯಾನು ನಿಂತ್ರೆ ಏನಾಗುತ್ತೆ ಅಂತ.

ಜಮೀನಿನ ವಿಷಯ ಒಂದೆರಡು ಮಾತು. ಮಾರಬೇಡಿ, ಗುತ್ತಿಗೆ ಮಾತ್ರ. ಗುತ್ತಿಗೆಗೂ ಪಾವಗಡ ನೋಡಿ ಕಲೀರಿ. ತಿರುಮಣಿ, ವಳ್ಳೂರು ಆ ಊರುಗಳಲ್ಲಿ 13,000 ಎಕರೆ, 2,050 ಮೆಗಾವ್ಯಾಟ್ ಸೋಲಾರ್. ಎಕರೆಗೆ ವರ್ಷಕ್ಕೆ 21,000, ಎರಡು ವರ್ಷಕ್ಕೊಮ್ಮೆ ನೂರಕ್ಕೆ ಐದು ಏರಿಕೆ. ಬರದ ಸೀಮೆ, ಅವರಿಗೆ ಆಗ ಅದು ದೊಡ್ಡದೇ. ಆದರೆ ಲೆಕ್ಕ ಹಾಕಿ, ಹತ್ತು ವರ್ಷ ಆದ ಮೇಲೆ 26,800. ಹತ್ತು ವರ್ಷದಲ್ಲಿ ಬೂಸಾ ರೇಟು, ಕೂಲಿ ರೇಟು ಎಷ್ಟಾಯ್ತು? ಜಮೀನಿದ್ದೋನಿಗೆ ಬಾಡಿಗೆಯಾದ್ರೂ ಬಂತು, ಅವನ ಹೊಲದಲ್ಲಿ ಕೂಲಿ ಮಾಡ್ತಿದ್ದೋನಿಗೆ, ಕುರಿ ಮೇಯಿಸ್ತಿದ್ದೋನಿಗೆ ಏನೂ ಬರಲಿಲ್ಲ. ನಮ್ಮಲ್ಲೂ ಗೋಮಾಳದ ಮೇಲೇ ಮೊದಲು ಕಣ್ಣು ಬೀಳೋದು, ಸರ್ಕಾರಿ ಜಾಗ ಅಲ್ವಾ ಅಂತ. ಅಲ್ಲಿ ಮೇಯೋ ದನಗಳಿಗೆ ಪಾಣಿ ಇಲ್ಲ, ಅಷ್ಟೇ ವ್ಯತ್ಯಾಸ. ಕೆರೆ ಅಂಗಳ, ರಾಜಕಾಲುವೆ ಪಕ್ಕಕ್ಕಂತೂ ಬಿಡಲೇಬಾರದು.

ಇನ್ನೊಂದು ಮಾತು, ದರಖಾಸ್ತಲ್ಲಿ ಮಂಜೂರಾದ ಪರಿಶಿಷ್ಟರ ಜಮೀನು ಇರೋರು ಹುಷಾರು. 1978ರ ಪಿ.ಟಿ.ಸಿ.ಎಲ್. ಕಾಯ್ದೆಯಲ್ಲಿ ಮಾರಾಟ ಮಾತ್ರ ಅಲ್ಲ, ಗುತ್ತಿಗೆನೂ ಪರಭಾರೆ ಲೆಕ್ಕಕ್ಕೇ ಬರುತ್ತೆ, ಸರ್ಕಾರದ ಅನುಮತಿ ಇಲ್ಲದೆ ಆಗಲ್ಲ. ಅಡ್ವಾನ್ಸ್ ಕೊಡ್ತೀನಿ, ಬಿಳಿ ಹಾಳೆಗೆ ಸಹಿ ಹಾಕಿ ಅಂದ್ರೆ ಹಾಕಬೇಡಿ. ಬೇರೆಯವರಿಗೂ ಇದೇ ಮಾತು. ಒಪ್ಪಂದ ಕನ್ನಡದಲ್ಲಿ ಇರಲಿ. ಅವಧಿ ಮುಗಿದ ಮೇಲೆ ಹಳೇ ಬ್ಯಾಟರಿ ಎತ್ಕೊಂಡು ಹೋಗಿ ನೆಲ ಸರಿ ಮಾಡಿಕೊಡೋಕೆ ಮುಂಗಡ ಠೇವಣಿ ಇಡಿಸಿ. ಕಂಪನಿ ಕೈ ಬದಲಾದ್ರೂ ಒಪ್ಪಂದ ಬದಲಾಗಬಾರದು. ಅಕ್ಕಪಕ್ಕದ ಬೆಳೆಗೂ ಸೇರಿ ವಿಮೆ ಇರಲಿ. ಹೊಸ ಲೈನ್ ಎಳೆಯೋದಾದ್ರೆ ಕಂಬ, ಟವರಿಗೆ ಬೇರೆ ಪರಿಹಾರ. ಕೇಂದ್ರದವರ 2024ರ ಜೂನ್ ಮಾರ್ಗಸೂಚಿಯಲ್ಲಿ ದೊಡ್ಡ ಪ್ರಸರಣ ಲೈನಿನ ಟವರ್ ಬುಡದ ಜಾಗಕ್ಕೆ ಭೂಮಿ ಬೆಲೆಯ ಎರಡರಷ್ಟು, ತಂತಿ ಕೆಳಗಿನ ಪಟ್ಟಿಗೆ ನೂರಕ್ಕೆ 30 ಅಂತ ಇದೆ. ಅದನ್ನ ಪ್ರಿಂಟ್ ತೆಗೆಸಿ ಜೇಬಲ್ಲಿಟ್ಕೊಳ್ಳಿ.

"ನೀವು ಅಭಿವೃದ್ಧಿಗೆ ಅಡ್ಡ" ಅಂತ ಒಬ್ಬರು ಆಗಲೇ ನನಗೆ ಹೇಳಿದ್ರು, ಸಿಟಿಯಿಂದ ಬಂದು ಇಲ್ಲಿ ಫಾರ್ಮ್‌ಹೌಸ್ ಮಾಡಿರೋ ಮಹನೀಯರು. ಅವರ ಫಾರ್ಮ್‌ಹೌಸ್ ಎರಡೆಕರೆ ಇದೆ, ಸ್ಟೇಷನಿಗೂ ಹತ್ತಿರ, ರಸ್ತೆನೂ ಅಗಲ ಇದೆ. ಅವರು ಕೊಡಬಹುದು. ಕೇಳಿದ್ದಕ್ಕೆ ನಕ್ಕು ಸುಮ್ಮನಾದರು.

ಗ್ರಾಮಸಭೆ ತಾರೀಖು ಗೊತ್ತಾದ ಕೂಡಲೇ ಇಲ್ಲೇ ಹಾಕ್ತೀನಿ. ಬರುವಾಗ ಪಾಣಿ ಅಲ್ಲ, ನಿಮ್ಮ ಪಂಪ್‌ಸೆಟ್ಟಿನ ಆರ್.ಆರ್. ನಂಬರು, ಫೀಡರ್ ಹೆಸರು, ಹೋದ ಬೇಸಿಗೆಯಲ್ಲಿ ಹಗಲು ಎಷ್ಟು ಗಂಟೆ ತ್ರೀ ಫೇಸ್ ಬಂತು ಅನ್ನೋದು ಬರ್ಕೊಂಡು ಬನ್ನಿ. ಬರೆದಿಡೋ ಅಭ್ಯಾಸ ಇಲ್ಲದಿದ್ರೆ ನಾಳೆಯಿಂದ ಹಾಲಿನ ಡೈರಿ ಪುಸ್ತಕದ ಹಿಂದಿನ ಹಾಳೆಯಲ್ಲೇ ಶುರು ಮಾಡಿ. ಕರೆಂಟ್ ಬಂದ ಟೈಮು, ಹೋದ ಟೈಮು, ಎರಡೇ ಕಾಲಂ ಸಾಕು.

ತಪ್ಪಿದ್ರೆ ಕಾಮೆಂಟಲ್ಲಿ ತಿದ್ದಿ, ಫೋನ್ ಮಾತ್ರ ಹಾಲಿನ ಹೊತ್ತಲ್ಲಿ ಮಾಡಬೇಡಿ.